ಅಂಗುಳದ ಸೀಳು ಮತ್ತು ಕರ್ಮದ ಲೆಕ್ಕ

ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆಮಣೆ ಮುಟ್ಟಬಾರದು, ಮುಟ್ಟಿದರೆ ಹುಟ್ಟುವ ಕೂಸಿನ ತುಟಿ ಸೀಳುತ್ತದೆ ಎಂಬ ಮಾತು ಕರ್ನಾಟಕದಲ್ಲಿ ಇನ್ನೂ ಬದುಕಿದೆ. ತುಟಿಯೋ ಅಂಗುಳವೋ ಸೀಳಿದ ಮಗು ಹುಟ್ಟಿದರೆ ವಿಚಾರಣೆ ಶುರುವಾಗುವುದು ತಾಯಿಯಿಂದಲೇ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ? ಏನಾದರೂ ಕತ್ತರಿಸಿದ್ದೆಯಾ? ಗ್ರಹಣದ ಲೆಕ್ಕ ತಾಳೆಯಾಗದಿದ್ದರೆ ಹಿಂದಿನ ಜನ್ಮ ಇದ್ದೇ ಇದೆ.

ಅದೇ ಮಗುವಿನ ಆಸ್ಪತ್ರೆ ದಾಖಲೆಯ ಬರವಣಿಗೆ ಬೇರೆಯೇ ಬಗೆಯದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಾದ ಐಸಿಡಿ-10ರಲ್ಲಿ ಜನ್ಮಜಾತ ವಿಕೃತಿಗಳ ಅಧ್ಯಾಯಕ್ಕೆ ‘ಕ್ಯೂ’ ಅಕ್ಷರ ಮೀಸಲು. ಸೀಳಂಗುಳಕ್ಕೆ ಕ್ಯೂ35, ಸೀಳುತುಟಿಗೆ ಕ್ಯೂ36, ಎರಡೂ ಇದ್ದರೆ ಕ್ಯೂ37. ಮುಂದಿನ ಗಟ್ಟಿ ಅಂಗುಳ ಸೀಳಿದ್ದರೆ 35.1, ಹಿಂದಿನ ಮೆದು ಅಂಗುಳವಾದರೆ 35.3, ಎರಡೂ ಸೇರಿದರೆ 35.5, ಕಿರುನಾಲಿಗೆಯಾದರೆ 35.7. ಯಾವುದೆಂದು ವೈದ್ಯರು ಬರೆಯದೆ ಬಿಟ್ಟರೆ 35.9. ಸೀಳಿಲ್ಲದೆ ತೀರಾ ಎತ್ತರಕ್ಕೆ ಬಾಗಿದ ಅಂಗುಳ ಇನ್ನೊಂದು ಕಡೆ, ಕ್ಯೂ38.5ರಲ್ಲಿ. ಇಷ್ಟೂ ಸಂಕೇತಗಳು ಕೇಳುವುದು ಎಲ್ಲಿ ಎಂಬುದನ್ನು ಮಾತ್ರ. ಏಕೆ ಎಂದಾಗಲಿ, ಯಾರ ತಪ್ಪಿನಿಂದ ಎಂದಾಗಲಿ ಕೇಳುವುದಿಲ್ಲ.

ಈ ಮೌನ ಕೊರತೆಯೇ, ಗುಣವೇ? ಒಂದು ಕೂಸಿನ ನೋವನ್ನು ಮೂರು ಅಂಕಿಗೆ ಇಳಿಸಿದರು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಧರ್ಮದ ಕಡೆಯಿಂದ ನೋಡಿದರೂ ಈ ಮೌನದ ಪರ ನಿಲ್ಲಬೇಕಾಗುತ್ತದೆ.

ದೇಹವನ್ನು ಎಣಿಸಿ ವಿಂಗಡಿಸುವ ಕೆಲಸ ಈ ನೆಲಕ್ಕೆ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ಜೈನ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಕರ್ಮಕಾಂಡ, ಎಂಟು ಮೂಲ ಕರ್ಮಗಳನ್ನು 148 ಉತ್ತರ ಪ್ರಕೃತಿಗಳಾಗಿ ಬಿಡಿಸುತ್ತದೆ. ಅವುಗಳಲ್ಲಿ 93 ನಾಮಕರ್ಮದವು. ಮೈಕಟ್ಟು, ಎಲುಬಿನ ಬಂಧ, ಬಣ್ಣ, ದನಿಯ ಇಂಪು ಕರ್ಕಶಗಳೆಲ್ಲ ಅದರ ಪಾಲು. ದೇಹದ ಆಕೃತಿಯಲ್ಲೇ ಆರು ಬಗೆ. ಎಲ್ಲವೂ ಅಳತೆಗೆ ಕೂತ ಸಮಚತುರಸ್ರದಿಂದ ಹಿಡಿದು ಅಂಗಗಳು ಅಳತೆ ತಪ್ಪಿದ ಹುಂಡ ಸಂಸ್ಥಾನದವರೆಗೆ. ಕರ್ಮವನ್ನು ಪೂರ್ತಿಯಾಗಿ ನಂಬಿದ ಶಾಸ್ತ್ರವಿದು, ಏಕೆ ಎಂಬುದಕ್ಕೂ ಉತ್ತರ ಕೊಡುತ್ತದೆ. ಆದರೂ ನಾಮಕರ್ಮವನ್ನು ಅದು ಇಟ್ಟ ಜಾಗ ನೋಡಬೇಕು. ಜ್ಞಾನಾವರಣೀಯ, ದರ್ಶನಾವರಣೀಯ, ಮೋಹನೀಯ, ಅಂತರಾಯ, ಈ ನಾಲ್ಕು ಘಾತಿ ಕರ್ಮಗಳು. ಆತ್ಮದ ಸ್ವಗುಣವನ್ನೇ ಮುಸುಕುವಂಥವು. ನಾಮಕರ್ಮ ಅಘಾತಿ. ಮೈಯ ಆಕಾರ ಹೇಗಿದ್ದರೂ ಆತ್ಮದ ಅರಿವಿಗೆ ಅದರಿಂದ ಪೆಟ್ಟಿಲ್ಲ. ಕೇವಲಜ್ಞಾನ ಪಡೆದ ಅರಿಹಂತನಿಗೂ ದೇಹವಿರುವ ತನಕ ಅಘಾತಿ ಕರ್ಮಗಳು ಉಳಿದೇ ಇರುತ್ತವೆ.

ಇನ್ನೂ ಒಂದು ಮಾತಿದೆ. ಜೈನ ಸಿದ್ಧಾಂತದಲ್ಲಿ ಒಬ್ಬರ ಕರ್ಮವನ್ನು ಇನ್ನೊಬ್ಬರು ಉಣ್ಣುವಂತಿಲ್ಲ. ಹಾಗಿದ್ದ ಮೇಲೆ ಕೂಸಿನ ಅಂಗುಳಕ್ಕಾಗಿ ಬಾಣಂತಿಯನ್ನು ಹಳಿಯುವವರು ಯಾವ ಶಾಸ್ತ್ರದ ಆಧಾರದಲ್ಲಿ ಹಳಿಯುತ್ತಾರೆ?

ಬುದ್ಧನ ಮುಂದೆ ಈ ಪ್ರಶ್ನೆ ನೇರವಾಗಿಯೇ ಬಂದಿತ್ತು. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದ ಫಲ ಎನ್ನುವವರಿದ್ದಾರೆ, ನೀವೇನು ಹೇಳುತ್ತೀರಿ ಎಂದು ಮೋಳಿಯ ಸೀವಕನೆಂಬ ಪರಿವ್ರಾಜಕ ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಪಿತ್ತ, ಕಫ, ವಾತ, ಅವುಗಳ ಕೂಟ, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಆಘಾತ ಎಂದು ಏಳು ಕಾರಣ ಹೇಳಿದ ಬುದ್ಧ ಕರ್ಮವನ್ನು ಎಂಟನೆಯದಾಗಿ ಇಟ್ಟ. ಎಲ್ಲವೂ ಪೂರ್ವಕರ್ಮವೇ ಎನ್ನುವುದನ್ನು ತಪ್ಪೆಂದ. ಚರಕಸಂಹಿತೆಯ ಶಾರೀರಸ್ಥಾನ ಹುಟ್ಟುವ ಮಗುವಿನ ಆಕಾರ, ಬಣ್ಣ, ಇಂದ್ರಿಯಗಳ ವಿಕೃತಿಗೆ ಬೀಜ, ಆತ್ಮಕರ್ಮ, ಗರ್ಭಾಶಯ, ಕಾಲ, ತಾಯಿಯ ಆಹಾರ ವಿಹಾರ ಎಂದು ಹಲವು ದೋಷಗಳನ್ನು ಹೇಳುತ್ತದೆ. ತಾಯಿಯೂ ಆ ಪಟ್ಟಿಯಲ್ಲಿದ್ದಾಳೆ ನಿಜ, ಆದರೆ ಬೀಜ ಅವಳಿಗಿಂತ ಮುಂಚೆ ಬರುತ್ತದೆ. ಆ ಬಹುಕಾರಣದ ವಿವೇಕ ನಮ್ಮ ಮನೆಮಾತಿನಲ್ಲಿ ಉಳಿಯಲಿಲ್ಲ.

ಗರ್ಭದೊಳಗೆ ನಡೆಯುವುದನ್ನು ಭ್ರೂಣಶಾಸ್ತ್ರ ಬಿಡಿಸಿ ಹೇಳಿದೆ. ಆರನೆಯ ವಾರದ ಹೊತ್ತಿಗೆ ಮೇಲ್ದವಡೆಯ ಎರಡೂ ಕಡೆಯಿಂದ ಎರಡು ಪದರಗಳು ನಾಲಿಗೆಯ ಅಕ್ಕಪಕ್ಕ ಕೆಳಮುಖವಾಗಿ ಬೆಳೆಯುತ್ತವೆ. ನಾಲಿಗೆ ತಗ್ಗಿದಾಗ ಅವು ಮೇಲೆದ್ದು, ಅಡ್ಡಲಾಗಿ ಬಂದು ನಡುವೆ ಕೂಡುತ್ತವೆ. ಕೂಡಿಕೆ ಮುಂದಿನಿಂದ ಹಿಂದಕ್ಕೆ ಸಾಗಿ ಹನ್ನೆರಡನೆಯ ವಾರದ ಹೊತ್ತಿಗೆ ಕಿರುನಾಲಿಗೆಯಲ್ಲಿ ಮುಗಿಯುತ್ತದೆ. ಎಷ್ಟೋ ಹೆಂಗಸರಿಗೆ ಬಸಿರು ಖಚಿತವಾಗುವಷ್ಟರಲ್ಲಿ ಈ ಕೆಲಸ ಅರ್ಧ ನಡೆದಿರುತ್ತದೆ. ವಂಶವಾಹಿ, ಅಪಸ್ಮಾರದ ಕೆಲವು ಔಷಧ, ಧೂಮಪಾನ, ತಾಯಿಯ ಮಧುಮೇಹ ಅಪಾಯ ಹೆಚ್ಚಿಸುತ್ತವೆ. ಆದರೆ ಒಂದು ನಿರ್ದಿಷ್ಟ ಮಗುವಿಗೆ ಇದೇ ಕಾರಣ ಎಂದು ಬೆರಳಿಟ್ಟು ಹೇಳಲು ಹೆಚ್ಚಿನ ಸಲ ಆಗುವುದಿಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಂದು ಹೀಗೆ ತುಟಿಯೋ ಅಂಗುಳವೋ ಸೀಳಿ ಹುಟ್ಟುತ್ತದೆ.

ಸಂಕೇತವೂ ಪೂರ್ತಿ ನಿರ್ಲಿಪ್ತವಲ್ಲ. ವಿಕೃತಿ ಎನ್ನಬೇಕಾದರೆ ಪ್ರಕೃತಿ ಯಾವುದೆಂದು ಮೊದಲೇ ತೀರ್ಮಾನಿಸಿರಬೇಕು. ಫ್ರೆಂಚ್ ಚಿಂತಕ ಜಾರ್ಜ್ ಕಾಂಗಿಲೆಮ್ 1943ರ ತನ್ನ ಪ್ರಬಂಧದಲ್ಲಿ, ಭಿನ್ನತೆ ತಾನಾಗಿಯೇ ರೋಗವಲ್ಲ, ಬದುಕನ್ನು ಇಕ್ಕಟ್ಟಿಗೆ ಸಿಕ್ಕಿಸಿದಾಗ ಮಾತ್ರ ರೋಗ ಎಂದು ವಾದಿಸಿದ. ಕಿರುನಾಲಿಗೆ ಸೀಳಿದ ಎಷ್ಟೋ ಜನ ಅದು ಗೊತ್ತೇ ಆಗದೆ ಬಾಳುತ್ತಾರೆ. ಮೆದು ಅಂಗುಳ ಸೀಳಿದ ಮಗುವಿನ ಪಾಡು ಹಾಗಲ್ಲ. ಅದಕ್ಕೆ ಹಾಲು ಎಳೆಯಲಾಗದು. ಮುಂದೆ ಮಾತು ಕಲಿಯುವಾಗ ಉಸಿರು ಮೂಗಿಗೆ ಸೋರಿ ‘ಬ’ ಎಂದದ್ದು ‘ಮ’ದಂತೆ ಕೇಳುತ್ತದೆ. ಆದ್ದರಿಂದಲೇ 35.3 ಎಂದು ಬರೆಯಬೇಕಾದಲ್ಲಿ 35.9 ಎಂದು ಬರೆದು ಮುಗಿಸುವುದು ಸಣ್ಣ ತಪ್ಪಲ್ಲ. ಎಲ್ಲಿ ಎಂಬ ಒಂದೇ ಪ್ರಶ್ನೆಯನ್ನು ಹೊತ್ತ ವ್ಯವಸ್ಥೆ ಅದನ್ನಾದರೂ ಪೂರ್ತಿ ಕೇಳಬೇಕು.

ಅಂಗುಳದ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳ ಸೇರಿವೆ, ಚಿಕಿತ್ಸೆ ಉಚಿತ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಇಂಥ ಕೂಸನ್ನು ನೋಡಲು ಹೋದವರು ಗ್ರಹಣದ ಮಾತನ್ನು ಹೊಸ್ತಿಲಾಚೆಯೇ ಬಿಟ್ಟು, ಈ ಮೂರು ಸಂಗತಿಗಳನ್ನು ತಾಯಿಗೆ ಹೇಳಿ ಬರಲಿ.