ಬಯಲಿಗೆ ತೂಕವುಂಟೆ?

ಕ್ರಿ. ಶ. 2019ನೆಯ ಇಸವಿ ಏಪ್ರಿಲ್ 10ರಂದು ಒಂದು ಚಿತ್ರವು ಲೋಕಕ್ಕೆಲ್ಲ ಪ್ರಕಟವಾಯಿತು. ಕತ್ತಲೆಯ ನಡುವೆ ಕೆಂಡದ ಬಣ್ಣದ ಒಂದು ಬಳೆ. ಬಳೆಯ ಕೆಳಭಾಗ ಹೆಚ್ಚು ಉಜ್ಜ್ವಲ, ಮೇಲ್ಭಾಗ ಮಸುಕು. ಒಳಗೆ ಮತ್ತೆ ಕತ್ತಲೆ. ಕನ್ಯಾರಾಶಿಯ ದಿಕ್ಕಿನಲ್ಲಿರುವ ಎಂ-87 ಎಂಬ ಗೆಲಾಕ್ಸಿಯ ಗರ್ಭದಲ್ಲಿ ಅಡಗಿರುವ ಕೃಷ್ಣರಂಧ್ರದ ಚಿತ್ರವದು. ಒಬ್ಬ ಸದ್ಭಕ್ತ ಗೃಹಸ್ಥನು ಅದನ್ನು ವೃತ್ತಪತ್ರಿಕೆಯಿಂದ ಕತ್ತರಿಸಿ, ರಟ್ಟಿಗೆ ಅಂಟಿಸಿ, ದೇವರ ಜಗುಲಿಯ ಪಕ್ಕದ ಗೋಡೆಗೆ ತೂಗುಹಾಕಿದನು. ಅದರ ಕೆಳಗೆ ‘ಪ್ರಭುದೇವರ ಬಯಲು’ ಎಂದು ತನ್ನ ಕೈಯಿಂದಲೇ ಬರೆದನು. ಮನೆಗೆ ಬಂದವರಿಗೆಲ್ಲ, “ವಿಜ್ಞಾನಿಗಳು ಇಂದು ಕಂಡುದನ್ನು ನಮ್ಮ ಶರಣರು ಎಂಟು ಶತಮಾನಗಳ ಹಿಂದೆಯೇ ಹೇಳಿಬಿಟ್ಟಿದ್ದಾರೆ” ಎನ್ನುವುದು ಅವನಿಗೆ ರೂಢಿಯಾಯಿತು. ಬಂದವರೂ ತಲೆದೂಗಿ ಹೋಗುತ್ತಿದ್ದರು. ಪ್ರೌಢಶಾಲೆಯಲ್ಲಿ ಓದುತ್ತಿದ್ದ ಮಗಳು ಮಾತ್ರ ಒಂದು ಸಂಜೆ, “ಅಪ್ಪಾ, ಅದರ ತೂಕ 650 ಕೋಟಿ ಸೂರ್ಯರಷ್ಟಂತೆ. ಬಯಲಿಗೆ ತೂಕ ಇರುತ್ತದೇನು?” ಎಂದು ಕೇಳಿದಳು. “ದೊಡ್ಡವರ ಮಾತಿಗೆ ಅಡ್ಡ ಬರಬಾರದು” ಎಂದು ತಂದೆ ಗದರಿದನು. ಆದರೆ ಆ ರಾತ್ರಿ ಶಿವಪೂಜೆಗೆ ಕುಳಿತಾಗ ಅವನ ಮನಸ್ಸು ನಿಲ್ಲಲಿಲ್ಲ.

ಬಾಲಿಕೆಯ ಪ್ರಶ್ನೆ ಚಿಕ್ಕದು. ಅದಕ್ಕೆ ಉತ್ತರ ಹೇಳಬೇಕಾದವರು ಮೊದಲು ಆ ಚಿತ್ರವೆಂಥದೆಂಬುದನ್ನು ತಿಳಿಯಬೇಕಾಗುವುದು. ಒಂದು ವಸ್ತುವಿನಲ್ಲಿ ದ್ರವ್ಯವು ಅತಿಯಾಗಿ ಅಡಕವಾದಾಗ ಅದರ ಗುರುತ್ವಾಕರ್ಷಣೆಯು ಬೆಳಕನ್ನೂ ಹೊರಗೆ ಬಿಡದಷ್ಟು ಪ್ರಬಲವಾಗುವುದು. ಗುರು ಎಂಬ ಶಬ್ದಕ್ಕೆ ಭಾರವಾದುದು ಎಂಬ ಅರ್ಥವೂ ಉಂಟಷ್ಟೆ. ಈ ವಸ್ತುವಿನಲ್ಲಿ ಆ ಅರ್ಥವು ಪರಾಕಾಷ್ಠೆಯನ್ನು ಮುಟ್ಟಿದೆ. ಎಂ-87ರ ರಂಧ್ರದ ಎಲ್ಲೆಯು ಸುಮಾರು 3,800 ಕೋಟಿ ಕಿಲೋಮೀಟರ್ ಅಗಲವಾದುದು. ಎಲ್ಲೆಯ ಒಳಗೆ ಹೋದುದು ಮರಳಿ ಬಾರದು. ಹಾಗಾದರೆ ಬೆಳಕೇ ಹೊರಬಾರದುದರ ಚಿತ್ರವನ್ನು ತೆಗೆದುದು ಹೇಗೆ? ಎಲ್ಲೆಯ ಹೊರಗೆ ಅತ್ಯಂತ ಕಾಯ್ದ ಅನಿಲವು ಮಹಾವೇಗದಿಂದ ಸುತ್ತುತ್ತಿರುವುದು. ಅದು ಹೊಮ್ಮಿಸುವ ಬೆಳಕು ರಂಧ್ರದ ಸೆಳೆತಕ್ಕೆ ಬಾಗಿ ಬಳೆಯಂತೆ ತೋರುವುದು. ನಮ್ಮ ಕಡೆಗೆ ಬರುತ್ತಿರುವ ಪಾರ್ಶ್ವವು ಹೆಚ್ಚು ಬೆಳಗುವುದು. ಚಿತ್ರದ ಕೆಳಭಾಗ ಉಜ್ಜ್ವಲವಾಗಿರುವುದು ಅದರಿಂದಲೇ. ನಡುವಿನ ಕತ್ತಲೆಯು ರಂಧ್ರದ ನೆರಳು. ದೀಪದ ಮುಂದೆ ಹಿಡಿದ ಕೈಯನ್ನು ಕಾಣದೆ ಗೋಡೆಯ ಮೇಲಿನ ನೆರಳನ್ನಷ್ಟೇ ಕಂಡು, ಇಲ್ಲಿ ಕೈಯುಂಟು ಎಂದು ತಿಳಿಯುವಂತೆ ಇದು. ಆ ಬೆಳಕಾದರೂ 5.5 ಕೋಟಿ ವರ್ಷಗಳ ಹಿಂದೆ ಹೊರಟುದು. ಅದು ಹೊರಟಾಗ ಭೂಮಿಯ ಮೇಲೆ ಅದನ್ನು ನೋಡುವ ಮನುಷ್ಯನೇ ಇರಲಿಲ್ಲ.

ಆ ಗೃಹಸ್ಥನ ನೆರೆಮನೆಯವನೊಬ್ಬನಿದ್ದನು. ಅವನದು ಬೇರೆ ಬಗೆಯ ವಾದ. “ಇದು ಛಾಯಾಚಿತ್ರವೇ ಅಲ್ಲ. ಗಣಕಯಂತ್ರದಲ್ಲಿ ಮಾಡಿ ಬಣ್ಣ ಬಳಿದದ್ದು” ಎಂದು ಅವನು ನಗುತ್ತಿದ್ದನು. ಅವನ ಮಾತಿನಲ್ಲಿ ಅರೆಪಾಲು ಸತ್ಯವುಂಟು. ದರ್ಶಕಗಳು ಹಿಡಿದುದು ಕಣ್ಣಿಗೆ ಕಾಣದ ರೇಡಿಯೋ ತರಂಗಗಳನ್ನು. ಕೆಂಡದ ಬಣ್ಣವು ಮನುಷ್ಯರು ಆರಿಸಿಕೊಟ್ಟುದು. ಬಿಡಿಬಿಡಿಯಾಗಿ ದೊರೆತ ಗುರುತುಗಳನ್ನು ಗಣಿತದಿಂದ ಜೋಡಿಸಿ ಚಿತ್ರವನ್ನು ಕಟ್ಟಬೇಕಾಯಿತು. ಇಷ್ಟರಿಂದ ಅದು ಸುಳ್ಳಾಗುವುದೆ? ಲಿಂಗವಂತನಿಗೆ ಈ ಪ್ರಶ್ನೆಯು ಹೊಸದಲ್ಲ. ಅವನ ಕರಸ್ಥಲದಲ್ಲಿರುವ ಇಷ್ಟಲಿಂಗವು ಕುರುಹು. ಶಿಲ್ಪಿಯ ಕೈಯಿಂದ ಬಂದುದೆಂಬ ಕಾರಣಕ್ಕೆ ಅದನ್ನು ಬರಿಯ ಕಲ್ಲೆನ್ನುವವನು ಒಂದು ಬಗೆಯಲ್ಲಿ ಕೆಡುವನು. ಕುರುಹಿನಲ್ಲಿಯೇ ನಿಂತು ಅರಿವಿನತ್ತ ಒಂದಡಿಯನ್ನೂ ಇಡದವನು ಇನ್ನೊಂದು ಬಗೆಯಲ್ಲಿ ಕೆಡುವನು. ಶರಣರು ಎರಡನ್ನೂ ಒಪ್ಪಲಿಲ್ಲ. ಕುರುಹಿನ ಯೋಗ್ಯತೆಯು ಅದನ್ನು ಕೊಟ್ಟವರ ಶುದ್ಧಿಯನ್ನೂ ಹಿಡಿದವರ ನಿಷ್ಠೆಯನ್ನೂ ಅವಲಂಬಿಸಿರುವುದು.

ಈ ಚಿತ್ರವನ್ನು ಕಟ್ಟಿದವರ ನಿಷ್ಠೆಯೆಂಥದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2017ರ ಏಪ್ರಿಲ್ ತಿಂಗಳಿನಲ್ಲಿ ಅರಿಜೋನಾ, ಹವಾಯಿ, ಮೆಕ್ಸಿಕೋ, ಚಿಲಿ, ಸ್ಪೇನ್, ದಕ್ಷಿಣ ಧ್ರುವ ಈ ಆರು ಎಡೆಗಳ ಎಂಟು ದರ್ಶಕಗಳನ್ನು ಹೊಂದಿಸಿ, ಭೂಮಿಯಷ್ಟೇ ಅಗಲವಾದ ಒಂದೇ ದರ್ಶಕದಂತೆ ದುಡಿಸಿಕೊಂಡರು. ಚಂದ್ರನ ಮೇಲಿಟ್ಟ ಒಂದು ಕಿತ್ತಳೆಹಣ್ಣನ್ನು ಭೂಮಿಯಿಂದ ಗುರುತಿಸುವಷ್ಟು ಸೂಕ್ಷ್ಮವಾದ ದೃಷ್ಟಿ ಬೇಕಾಗಿದ್ದಿತು. ದಕ್ಷಿಣ ಧ್ರುವದಿಂದ ಎಂ-87 ಕಾಣದು. ಆದರೂ ಉಳಿದ ದರ್ಶಕಗಳ ಲೆಕ್ಕವನ್ನು ಸರಿನೋಡಲು ಅಲ್ಲಿಯ ದಾಖಲೆಯೂ ಬೇಕಾಯಿತು. ಅಲ್ಲಿ ಚಳಿಗಾಲದಲ್ಲಿ ವಿಮಾನಗಳು ಹಾರಲಾರವು. ದಾಖಲೆಯನ್ನು ತುಂಬಿದ ತಟ್ಟೆಗಳಿಗಾಗಿ ಎಲ್ಲರೂ ತಿಂಗಳುಗಟ್ಟಲೆ ಕಾದರು. ಬಳಿಕ ಚಿತ್ರ ಕಟ್ಟುವ ಸಮಯ ಬಂದಾಗ ನಾಲ್ಕು ತಂಡಗಳಾಗಿ ಬೇರ್ಪಟ್ಟು, ಒಂದು ತಂಡದ ಕೆಲಸವು ಇನ್ನೊಂದಕ್ಕೆ ತಿಳಿಯದಂತೆ ವಾರಗಟ್ಟಲೆ ದುಡಿದರು. ಏತಕ್ಕೆ? ಬಳೆಯನ್ನು ಕಾಣಬೇಕೆಂಬ ಆಸೆಯು ಎಲ್ಲರ ಮನಸ್ಸಿನಲ್ಲಿಯೂ ಇದ್ದಿತು. ಆ ಆಸೆಯೇ ಬಳೆಯನ್ನು ಬರೆದುಬಿಡಬಾರದೆಂದು ಈ ಕಟ್ಟುಪಾಡು. ಕೊನೆಗೆ ನಾಲ್ವರ ಚಿತ್ರಗಳನ್ನು ಒಂದೆಡೆ ಇಟ್ಟು ನೋಡಿದಾಗ ನಾಲ್ಕರಲ್ಲಿಯೂ ಬಳೆಯಿದ್ದಿತು. ತನ್ನ ಬಯಕೆಯನ್ನೇ ಸಂಶಯದಿಂದ ನೋಡಿಕೊಳ್ಳುವ ಈ ನಡೆಯನ್ನು ಅನುಭವಮಂಟಪದ ಹಿರಿಯರು ಕಂಡಿದ್ದರೆ ಕಾಯಕವೆಂದೇ ಕರೆಯುತ್ತಿದ್ದರೆಂದು ಧೈರ್ಯವಾಗಿ ಹೇಳಬಹುದು.

ಗೋಡೆಯ ಮೇಲಿನ ಬರಹವು ತಪ್ಪಿದುದು ಇಲ್ಲಿಯೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಸೇರಿಸಿಕೊಳ್ಳದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಇನ್ನೂರಕ್ಕೂ ಮಿಕ್ಕ ವಿಜ್ಞಾನಿಗಳು ದುಡಿದು ಪಡೆದ ಅರಿವನ್ನು, ‘ಇದು ನಮಗೆ ಮೊದಲೇ ಗೊತ್ತಿದ್ದಿತು’ ಎಂಬ ಒಂದೇ ಮಾತಿನಿಂದ ಉಡಿಗೆ ತುಂಬಿಕೊಳ್ಳುವುದು ಆ ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು? ಶರಣರ ಹೆಸರಿನಲ್ಲಿ ಹೇಳಿದ ಮಾತ್ರಕ್ಕೆ ಸತ್ಯವಲ್ಲದ ನುಡಿಯು ಸತ್ಯವಾಗದು. ಅವರ ಹೆಸರಿಗೆ ಕುಂದು ಮಾತ್ರ ಬರುವುದು. ಕನ್ನಡಿಗನಿಗೆ ಅಭಿಮಾನವೇ ಬೇಕಾದರೆ ನ್ಯಾಯವಾದ ಅಭಿಮಾನಕ್ಕೆ ಎಡೆಯುಂಟು. 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು, ಕೃಷ್ಣರಂಧ್ರವನ್ನು ಕದಡಿದರೆ ಅದು ಬಾರಿಸಿದ ಗಂಟೆಯಂತೆ ಮಿಡಿದು ಬೇಗನೆ ಅಡಗುವುದೆಂದು 1970ರಲ್ಲಿ ಗಣಿತದಿಂದ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ಕೃಷ್ಣರಂಧ್ರಗಳು ಕೂಡಿದಾಗ ಎದ್ದ ಅಲೆಯನ್ನು ಹಿಡಿದವು. ಆ ಅಲೆಯ ತುದಿಯಲ್ಲಿ ಅಡಗುವ ಗಂಟೆಯ ಮಿಡಿತಕ್ಕೆ ಒಪ್ಪುವ ಗುರುತಿದ್ದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಎಷ್ಟೋ ಮಕ್ಕಳಿಗೆ ಆಕಾಶವನ್ನು ಪರಿಚಯಿಸಿದ ಆ ಹಿರಿಯರು 2017ರ ಜನವರಿಯಲ್ಲಿ ನಿಧನರಾದರು. ತಾವು ಲೆಕ್ಕಹಾಕಿದ ಮಿಡಿತದ ಸುದ್ದಿಯನ್ನು ಕೇಳಿಯೇ ಹೋದರು. ಅದು ದುಡಿದು ಪಡೆದ ಅಕ್ಕಿ.

ಇನ್ನು ಬಯಲಿನ ಮಾತು. ಬಯಲೆಂಬ ಅಚ್ಚಗನ್ನಡ ಶಬ್ದವು ತೆರವಾದ ಎಡೆಯನ್ನು ಹೇಳುವುದು. ಪ್ರಭುದೇವರು ಅದನ್ನು ಎತ್ತಿಕೊಂಡು, ಅಂಗ-ಲಿಂಗಗಳೆಂಬ ಎರಡಳಿದ ನಿಲವಿಗೆ, ಎಲ್ಲೆಯಿಲ್ಲದುದಕ್ಕೆ, ಹೆಸರಿಡಲಾಗದುದಕ್ಕೆ ಹೆಸರಾಗಿ ಬಳಸಿದರು. ಕೃಷ್ಣರಂಧ್ರಕ್ಕೆ ಎಲ್ಲೆಯುಂಟು, ನೆಲೆಯುಂಟು, ದೂರವುಂಟು, ದ್ರವ್ಯರಾಶಿಯುಂಟು. ಬಯಲು ಎಡೆಗೊಡುವುದು, ಇದು ಸೆಳೆದು ನುಂಗುವುದು. ಬಯಲಾದವನಿಗೆ ಕಟ್ಟಿಲ್ಲ, ಇದರೊಳಗೆ ಸಿಕ್ಕಿದ ಬೆಳಕಿಗೂ ಬಿಡುಗಡೆಯಿಲ್ಲ. ಕಪ್ಪಾಗಿ ಕಂಡುದನ್ನೆಲ್ಲ ಶೂನ್ಯವೆಂದು ಬಗೆಯುವುದು ಕಣ್ಣಿನ ಅವಸರ. ಇದರ ಗರ್ಭದಲ್ಲಿ ಏನಿದೆಯೆಂದು ಕೇಳಿದರೆ ವಿಜ್ಞಾನಿಗಳು, ಅಲ್ಲಿ ತಮ್ಮ ಗಣಿತವು ನಿಂತುಹೋಗುವುದೆಂದು ಮರೆಮಾಚದೆ ಒಪ್ಪಿಕೊಳ್ಳುವರು. ಅವರು ಅರಿಯೆವೆನ್ನುವ ಎಡೆಯಲ್ಲಿ ಭಕ್ತನು ಅವಸರಪಟ್ಟು ಪ್ರಭುದೇವರನ್ನು ತಂದು ಕೂರಿಸಿದರೆ, ನಾಳೆ ಗಣಿತವು ಮುಂದೆ ಸಾಗಿದಾಗ ಅವರನ್ನು ಎಲ್ಲಿಗೆ ಎಬ್ಬಿಸಿಕೊಂಡು ಹೋಗುವನು?

ಗೃಹಸ್ಥನು ಇವನ್ನೆಲ್ಲ ಒಂದೇ ದಿನದಲ್ಲಿ ತಿಳಿದನೆಂದಲ್ಲ. ಮಗಳ ಪುಸ್ತಕಗಳನ್ನು ಅವಳಿಂದಲೇ ಓದಿಸಿ ಕೇಳಿದನು. ಅರ್ಥವಾಗದುದನ್ನು ಮತ್ತೆ ಕೇಳಿದನು. ಬೆಳಕಿಗೆ ಭಾರವೇ ಇಲ್ಲದಿದ್ದರೆ ಅದು ಬಾಗುವುದೇಕೆ ಎಂಬ ಅವನ ಪ್ರಶ್ನೆಗೆ ಮಗಳೇ ತಡವರಿಸಿದಳು. ಭಾರವುಳ್ಳ ವಸ್ತುವು ತನ್ನ ಸುತ್ತಲ ಅವಕಾಶವನ್ನೇ ಬಾಗಿಸುವುದೆಂದೂ, ಬೆಳಕು ಆ ಬಾಗಿದ ದಾರಿಯಲ್ಲಿ ನಡೆಯುವುದೆಂದೂ ಐನ್‌ಸ್ಟೈನರ ಮತವೆಂದು ಇಬ್ಬರೂ ಕೂಡಿ ಓದಿಕೊಂಡರು. ಪೂರ್ತಿ ತಿಳಿಯಿತೆಂದು ಇಬ್ಬರೂ ಹೇಳಲಿಲ್ಲ.

2022ರ ಮೇ 12ರಂದು ಎರಡನೆಯ ಚಿತ್ರವು ಪ್ರಕಟವಾಯಿತು. ಅದು ನಮ್ಮದೇ ಗೆಲಾಕ್ಸಿಯ ನಡುವಿನ, ಸುಮಾರು 27,000 ಜ್ಯೋತಿರ್ವರ್ಷಗಳ ದೂರದ, 40 ಲಕ್ಷ ಸೂರ್ಯರಷ್ಟು ದ್ರವ್ಯದ ಕೃಷ್ಣರಂಧ್ರ. ಗೃಹಸ್ಥನು ಅದನ್ನೂ ಕತ್ತರಿಸಿ ಅಂಟಿಸಿದನು. ಈ ಸಲ ಎರಡು ಚಿತ್ರಗಳನ್ನೂ ಜಗುಲಿಯ ಪಕ್ಕದಿಂದ ತೆಗೆದು ಮಗಳು ಓದುವ ಮೇಜಿನ ಮೇಲ್ಗಡೆ ತೂಗುಹಾಕಿದನು. ಹಳೆಯ ಬರಹದ ಮೇಲೆ ಬಿಳಿಯ ಕಾಗದವನ್ನು ಅಂಟಿಸಿದ್ದನು. ಅದರ ಮೇಲೆ ಮಗಳು ಹೆಸರನ್ನೂ ದೂರವನ್ನೂ ಬರೆದಳು. ನೆರೆಮನೆಯವನು ಬಂದು, “ಏನ್ರೀ, ಬಯಲು ಎಲ್ಲಿ ಹೋಯಿತು?” ಎಂದು ಕೆಣಕಿದನು. ಗೃಹಸ್ಥನು ನಕ್ಕು, “ಕುಳಿತುಕೊಳ್ಳಿ, ಮಗಳು ಈಗ ಬರುತ್ತಾಳೆ, ಅವಳನ್ನೇ ಕೇಳೋಣ” ಎಂದು ಚಾಪೆ ಹಾಸಿದನು.