ಗಂಡ ಒಳ್ಳೆಯವನಾದರೆ ಸಾಕೇ?

ಕೂಲಿಯಾಳಿನ ಕೂಲಿ ವಂಚಿಸುವುದು ಪರಲೋಕಕ್ಕೆ ಮೊರೆಯಿಡುವ ಪಾಪವೆಂದು ಜ್ಞಾನೋಪದೇಶದಲ್ಲಿ ಕಲಿತಿದ್ದೇವೆ. ಆ ಕೂಲಿಯಾಳು ಓದಿದ ಹೆಂಡತಿಯಾದರೆ?

ವಿಜ್ಞಾನಿ ಗರ್ಟಿ ಕೋರಿ ಯೆಹೂದ್ಯ ಮನೆಯಲ್ಲಿ ಹುಟ್ಟಿ, ಕಥೋಲಿಕರಾಗಿ, 1920ರಲ್ಲಿ ಸಹಪಾಠಿ ಕಾರ್ಲ್‌ರನ್ನು ಮದುವೆಯಾದರು. ಅಮೆರಿಕದ ಬಫಲೋದಲ್ಲಿ, ಪತಿಯೊಡನೆ ಸಂಶೋಧನೆ ನಡೆಸಿದರೆ ಕೆಲಸದಿಂದ ತೆಗೆಯುವುದಾಗಿ ಬೆದರಿಸಿದರು, ಆಕೆ ಜಗ್ಗಲಿಲ್ಲ. ಪತ್ನಿಯೊಡನೆ ದುಡಿಯಕೂಡದೆಂಬ ಷರತ್ತಿನ ಹುದ್ದೆಯನ್ನು ಕಾರ್ಲ್ ಬೇಡವೆಂದರು. ಎಂಥ ಪತಿ! 1931ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ವಿಭಾಗದ ಮುಖ್ಯಸ್ಥರು. ಪತ್ನಿ ಅಲ್ಪ ಸಂಬಳದ ಸಹಾಯಕಿ. ಕೆಲಸ ಮಾತ್ರ ಒಂದೇ: ದೇಹವು ಸಕ್ಕರೆಯನ್ನು ಹೇಗೆ ಕೂಡಿಟ್ಟು ಬಳಸುತ್ತದೆಂಬ ಶೋಧ.

ಪತಿಯ ಒಳ್ಳೆಯತನ ಆಕೆಯ ಭಾಗ್ಯ. ಸಂಸ್ಥೆಯ ಅನ್ಯಾಯವನ್ನು ಅದು ತೀರಿಸಲಾರದು. ನಾವೋ, 'ಗಂಡನ ಸಂಬಳ ಇದೆಯಲ್ಲಮ್ಮಾ' ಎಂದು ಬಾಯಿ ಮುಚ್ಚಿಸುತ್ತೇವೆ. ಗರ್ಟಿ ಪೂರ್ಣ ಪ್ರಾಧ್ಯಾಪಕಿಯಾದದ್ದು 16 ವರ್ಷಗಳ ಮೇಲೆ, 1947ರಲ್ಲಿ. ಅದೇ ವರ್ಷ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.