ಕಳ್ಳನ ಮನೆಗೆ ನಾವು ನುಗ್ಗಬಹುದಾ?

ಕಳೆದ ಮಳೆಗಾಲದಲ್ಲಿ ಕಡಬದ ದೊಡ್ಡಪ್ಪನ ವಾಟ್ಸಾಪಿಗೆ ಒಂದು ಮದುವೆ ಕಾಗದ ಬಂತು. ಕಾಗದ ಅಲ್ಲ, ಎಪಿಕೆ ಫೈಲು. ಒತ್ತಿದರು. ಸಂಜೆಯೊಳಗೆ ಅಡಿಕೆ ಮಾರಿದ 80 ಸಾವಿರ ಹೋಯ್ತು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ರಾತ್ರಿ ದೊಡ್ಡಪ್ಪ ಕೇಳಿದರು, "ನೀನು ಬೆಂಗಳೂರಲ್ಲಿ ಇದೇ ಕೆಲಸ ಮಾಡುದಲ್ವಾ? ಅವನ ಕಂಪ್ಯೂಟರಿಗೆ ನುಗ್ಲಿಕ್ಕೆ ಆಗುದಿಲ್ವಾ ಮಾರಾಯ?"

ಆಗ್ತಿತ್ತು. ಕಷ್ಟ ಅಲ್ಲೇ ಇರುವುದು. ಫೈಲನ್ನು ಬಿಚ್ಚಿ ನೋಡಿದ್ದೆ. ದೊಡ್ಡಪ್ಪನ ಮೆಸೇಜುಗಳೆಲ್ಲ ಒಂದು ಟೆಲಿಗ್ರಾಂ ಬಾಟ್‌ಗೆ ಹೋಗುತ್ತಿದ್ದವು, ಅದರ ಕೀಲಿ ಫೈಲಿನೊಳಗೇ ಇತ್ತು (ಕಳ್ಳರಲ್ಲೂ ಸೋಮಾರಿಗಳಿದ್ದಾರೆ). ಆ ಕೀಲಿ ಹಿಡಿದು ಅವನ ದಾರಿ ಕೆಡಿಸಬಹುದಿತ್ತು. ಅದೇ ರಾತ್ರಿ ಇನ್ಯಾರದೋ ಒಟಿಪಿ ಅವನ ಕೈಗೆ ಸಿಗದಂತೆ ಮಾಡಬಹುದಿತ್ತೇನೋ.

ಕಾನೂನು ಒಪ್ಪುವುದಿಲ್ಲ. 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕನ ಅನುಮತಿ ಇಲ್ಲದೆ ಯಾರ ಕಂಪ್ಯೂಟರಿಗೂ ನುಗ್ಗುವ ಹಾಗಿಲ್ಲ. ಕಳ್ಳನದ್ದಾದರೆ ಪರವಾಗಿಲ್ಲ ಅಂತ ಅದರಲ್ಲಿ ಬರೆದಿಲ್ಲ. ಆಸ್ತಿ ರಕ್ಷಣೆಯ ಹಕ್ಕು ಉಂಟಲ್ಲ ಅನ್ನಬಹುದು. ಉಂಟು, ಆದರೆ ಪೊಲೀಸರ ಹತ್ತಿರ ಹೋಗಲು ಸಮಯ ಇದ್ದರೆ ಆ ಹಕ್ಕು ಇಲ್ಲ. ಅಮೆರಿಕದಲ್ಲಿ 2017ರಲ್ಲಿ ಟಾಮ್ ಗ್ರೇವ್ಸ್ ಎಂಬ ಸಂಸದರು ತಿರುಗಿ ಹ್ಯಾಕ್ ಮಾಡಲು ಅವಕಾಶ ಕೊಡುವ ಮಸೂದೆ ತಂದಿದ್ದರು. ಅದೂ ಪಾಸಾಗಲಿಲ್ಲ.

ಒಪ್ಪಬಾರದು ಅಂತಲೇ ನನ್ನ ಅಭಿಪ್ರಾಯ. ಪುತ್ತೂರು, ಸುಳ್ಯ, ಕಡಬದ ಕಡೆ ತೋಟಕ್ಕೆ ಹಂದಿ, ಆನೆ ಬರ್ತದೆ ಅಂತ ಸೋಲಾರ್ ಬೇಲಿ ಹಾಕ್ತಾರೆ. ಅದು ಬೆದರಿಸಿ ಓಡಿಸ್ತದೆ, ಕೊಲ್ಲುವುದಿಲ್ಲ. ಲೈನಿನಿಂದ ನೇರ ಕರೆಂಟು ಕೊಡುವುದು ಅಪರಾಧ, ಯಾಕೆಂದರೆ ಕತ್ತಲೆಯಲ್ಲಿ ತಂತಿ ಮುಟ್ಟಿದ್ದು ಹಂದಿಯೋ ನೆರೆಮನೆಯವನೋ ಕರೆಂಟಿಗೆ ಗೊತ್ತಾಗುವುದಿಲ್ಲ. ತಿರುಗಿ ಹ್ಯಾಕ್ ಮಾಡುವುದಂತೂ ಬೇಲಿಯೂ ಅಲ್ಲ. ಹೆಜ್ಜೆಗುರುತು ಹಿಡಿದು ಬೇರೆಯವರ ತೋಟದೊಳಗೆ ಕೋವಿ ಹಿಡಿದು ಹೋದ ಹಾಗೆ. ಇಂಟರ್ನೆಟ್ಟಿನಲ್ಲಿ ಹೆಜ್ಜೆಗುರುತನ್ನೂ ನಂಬುವ ಹಾಗಿಲ್ಲ. ಕಳ್ಳ ಯಾವುದೋ ಶಾಲೆಯ ಸರ್ವರಿನೊಳಗೆ, ಯಾರದೋ ಮನೆಯ ರೂಟರಿನೊಳಗೆ ಕೂತು ಹೊಡೀತಾನೆ. ನಾವು ತಿರುಗಿ ಹೊಡೆದರೆ ಪೆಟ್ಟು ಬೀಳುವುದು ಆ ಶಾಲೆಗೆ.

ಇನ್ನೊಂದು ಮಾತು. ಈ ಹಕ್ಕು ಕೊಟ್ಟರೆ ಬಳಸುವವರು ಯಾರು? ದೊಡ್ಡ ಕಂಪನಿಗಳು, ನನ್ನಂಥವರು ಸಂಬಳಕ್ಕಿರುವಂಥವು. ದೊಡ್ಡಪ್ಪನಿಗೆ ನಾನಿದ್ದೆ. ಪಕ್ಕದ ತೋಟದವರಿಗೆ ಯಾರಿದ್ದಾರೆ?

ಇಷ್ಟೆಲ್ಲ ಸರಿ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಕೀಲಿಯ ವಿವರವನ್ನು ದೂರಿಗೆ ಸೇರಿಸಿ ಕಳಿಸಿದ್ದೆ, ಅಷ್ಟೇ. ಅದನ್ನು ಯಾರಾದರೂ ಓದುವ ಮೊದಲು ಇನ್ನೆಷ್ಟು ಮಂದಿಯ ದುಡ್ಡು ಹೋಯ್ತೋ, ಲೆಕ್ಕ ನನ್ನ ಹತ್ತಿರ ಇಲ್ಲ.

ದೊಡ್ಡಪ್ಪನಿಗೆ "ಆಗುದಿಲ್ಲ" ಅಂದೆ. ಇವನಿಗೆ ಬರುವುದಿಲ್ಲ ಅಂತ ಅವರು ತಿಳಿದುಕೊಂಡರು. ನಾನೂ ತಿದ್ದಲಿಲ್ಲ.